ನಮ್ಮ ಬೀದಿಯ ಪಬ್ಬಿನಲ್ಲಿ ನಮ್ಮ ನುಡಿ

(ಸಿಯಾಟಲ್ ಸುತ್ತಮುತ್ತಲಿನ ಕನ್ನಡದ ಗೆಳೆಯರು ಒಂದು ಸಂಜೆ ಕೂಡಿದ್ದಾಗ ಆಡಿದ ಮಾತು, ಬರಹದ ರೂಪದಲ್ಲಿ)



ಕನ್ನಡದ ಕೂಟದಲ್ಲಿ ಪಬ್ಬಿನ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕರು. ಹಿರಿಯರೊಬ್ಬರು "ಏನಪ್ಪಾ, ಕನ್ನಡಕ್ಕೆ ಇದೊಂದು ಬಾಕಿ ಇತ್ತಾ?" ಅಂತ ಕೇಳಿಯೇ ಬಿಟ್ಟರು. ಹೌದು ಸಾರ್, ಇದೇ ಬಾಕಿ ಇತ್ತು! ಪುಸ್ತಕದಲ್ಲಿ ಕನ್ನಡ, ಕಂಪ್ಯೂಟರಿನಲ್ಲಿ ಕನ್ನಡ, ಬೋರ್ಡಿನಲ್ಲಿ ಕನ್ನಡ ಅಂತ ಬಹಳ ಮಾತಾಡಿದ್ದೇವೆ. ಕೆಲಸ ಮುಗಿಸಿ ನಾಲ್ಕು ಜನ ಗೆಳೆಯರು ಕೂತು ಹರಟುವ ಜಾಗದಲ್ಲಿ ಕನ್ನಡ ಇದೆಯಾ ಅಂತ ಮಾತ್ರ ಯಾರೂ ಕೇಳಿಕೊಂಡಿಲ್ಲ.

ನನಗೆ ಈ ಪ್ರಶ್ನೆ ಹುಟ್ಟಿದ್ದು ಹೀಗೆ. 2014ರಲ್ಲಿ ಬೆಂಗಳೂರಿನಿಂದ ರೆಡ್‌ಮಂಡ್‌ಗೆ ಬಂದೆ. ಆಫೀಸು, ಅಪಾರ್ಟ್‌ಮೆಂಟು, ಶನಿವಾರ ಕಾಸ್ಟ್‌ಕೋ. ಇಷ್ಟೇ ಜೀವನ. ಬಂದು ನಾಲ್ಕೈದು ತಿಂಗಳಾಗಿರಬಹುದು, ಒಂದು ಶುಕ್ರವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಎರಡು ನಿಮಿಷ ಮಾತಾಡಿದ ಮೇಲೆ ಅಮ್ಮ, "ಯಾಕೋ, ಮಾತಾಡೋವಾಗ ತಡವರಿಸ್ತಾ ಇದೀಯಾ? ಹುಷಾರಿಲ್ವಾ?" ಅಂದಳು. ಹುಷಾರಾಗೇ ಇದ್ದೆ. ಆದರೆ ಸೋಮವಾರದಿಂದ ಅಲ್ಲಿಯವರೆಗೆ ನನ್ನ ಬಾಯಿಂದ ಒಂದೇ ಒಂದು ಕನ್ನಡ ಮಾತು ಬಂದಿರಲಿಲ್ಲ. ಐದು ದಿನ! ಫೋನ್ ಇಟ್ಟ ಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಸಹ್ಯಾದ್ರಿ ಕನ್ನಡ ಸಂಘ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಹೋಗುತ್ತೇನೆ, ಊಟವೂ ಚೆನ್ನಾಗಿರುತ್ತದೆ. ಆದರೆ ಹಬ್ಬ ವರ್ಷಕ್ಕೆ ಕೆಲವೇ ದಿನ. ನುಡಿ ಉಳಿಯುವುದು ಹಬ್ಬದ ದಿನ ಅಲ್ಲ, ಮಂಗಳವಾರದಂಥ ಸಾದಾ ದಿನದಲ್ಲಿ. ನಮ್ಮೂರುಗಳಲ್ಲಿ ಅದಕ್ಕೆ ಅರಳಿಕಟ್ಟೆ ಇತ್ತು, ಬೆಂಗಳೂರಿನಲ್ಲಿ ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುವ ಜಾಗ ಇತ್ತು. ರೇ ಓಲ್ಡನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1989ರಲ್ಲಿ 'ದಿ ಗ್ರೇಟ್ ಗುಡ್ ಪ್ಲೇಸ್' ಅನ್ನುವ ಪುಸ್ತಕ ಬರೆದರು. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಒಂದು ಮೂರನೆಯ ಜಾಗ ಮನುಷ್ಯನಿಗೆ ಬೇಕು, ಅಲ್ಲಿ ನಡೆಯುವ ಮುಖ್ಯ ಕೆಲಸ ಮಾತು ಅನ್ನುವುದು ಅವರ ವಾದ. ನಮಗಿದು ಹೊಸದೇನಲ್ಲ, ನಾವು ಅದನ್ನು ಕಟ್ಟೆ ಅಂತ ಕರೆಯುತ್ತೇವೆ. ಆದರೆ ವರ್ಷದ ಬಹುಪಾಲು ಜಿಟಿಜಿಟಿ ಮಳೆ ಬರುವ ಸಿಯಾಟಲ್‌ನಲ್ಲಿ ಮರದ ಕೆಳಗೆ ಕೂರಲಾಗುತ್ತದೆಯೇ? ಇಲ್ಲಿನವರ ಕಟ್ಟೆಗೆ ಮಾಡು ಇದೆ. ಅದರ ಹೆಸರು ಪಬ್ಬು.

ಸರಿ, ನಮ್ಮದೂ ಒಂದು ಪಬ್ಬು ಹುಡುಕೋಣ ಅಂತ ಹೊರಟೆ. ನಾವು ಇಂಜಿನಿಯರುಗಳು ಹುಡುಕುವುದು ಹೇಗೆ? ಮೊದಲು ಒಂದು ಎಕ್ಸೆಲ್ ಶೀಟು! ಎಷ್ಟು ಬಗೆಯ ಬಿಯರು, ಎಷ್ಟು ಸ್ಟಾರು, ಬೆಲೆ ಎಷ್ಟು, ಪಾರ್ಕಿಂಗ್ ಇದೆಯಾ ಅಂತ ಕಾಲಂಗಳು. ಶನಿವಾರ ಸಂಜೆ 545 ಬಸ್ಸು ಹಿಡಿದು ರೆಡ್‌ಮಂಡ್‌ನಿಂದ ಸಿಯಾಟಲ್‌ಗೆ ಹೋಗುತ್ತಿದ್ದೆ. ಎಂಟು ತಿಂಗಳಲ್ಲಿ 22 ಪಬ್ಬು ನೋಡಿದೆ. ಎಲ್ಲಾ ಕಡೆಯೂ ಬಿಯರು ಚೆನ್ನಾಗಿತ್ತು. ತೊಂದರೆ ಆಗಿದ್ದೇ ಅದರಿಂದ!

ಈ ಊರಿನಲ್ಲಿ ಬಿಯರು ಕೆಟ್ಟದಾಗಿರುವುದು ಕಷ್ಟ. ಅಮೆರಿಕದಲ್ಲಿ ಬೆಳೆಯುವ ಹಾಪ್ಸ್‌ನಲ್ಲಿ, ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡುವ ಹೂವಿನಲ್ಲಿ, ಸುಮಾರು ಮುಕ್ಕಾಲು ಪಾಲು ನಮ್ಮ ವಾಷಿಂಗ್ಟನ್ ರಾಜ್ಯದ್ದೇ, ಅದೂ ಹೆಚ್ಚಾಗಿ ಯಾಕಿಮಾ ಕಣಿವೆಯದು. ಸಣ್ಣ ಬ್ರೂವರಿಗಳ ಅಲೆ ಇಲ್ಲಿ 1980ರ ದಶಕದಲ್ಲೇ ಎದ್ದಿತು. 1981ರಲ್ಲಿ ಪಾಲ್ ಶಿಪ್‌ಮನ್ ಮತ್ತು ಗಾರ್ಡನ್ ಬೌಕರ್ ಬ್ಯಾಲರ್ಡ್ ಬಡಾವಣೆಯಲ್ಲಿ ರೆಡ್‌ಹುಕ್ ಬ್ರೂವರಿ ಶುರು ಮಾಡಿದರು. ಈ ಬೌಕರ್ ಬೇರೆ ಯಾರೂ ಅಲ್ಲ, 1971ರಲ್ಲಿ ಸ್ಟಾರ್‌ಬಕ್ಸ್ ಶುರು ಮಾಡಿದ ಮೂವರಲ್ಲಿ ಒಬ್ಬರು. ರೆಡ್‌ಹುಕ್‌ನ ಮೊದಲ ಬಿಯರು ಬಾಳೆಹಣ್ಣಿನ ವಾಸನೆ ಬರುತ್ತಿತ್ತಂತೆ, ಜನ ಅದಕ್ಕೆ 'ಬನಾನಾ ಬಿಯರ್' ಅಂತಲೇ ಹೆಸರಿಟ್ಟರು. ನಕ್ಕರು, ಆದರೂ ಕುಡಿದರು, ಯಾಕೆಂದರೆ ಅದು ತಮ್ಮ ಊರಿನದು. ಆ ಕಂಪನಿ ನಿಂತಿತು.

ಅಂದರೆ ಬಿಯರ್ ನೋಡಿ ಪಬ್ಬು ಆರಿಸಲು ಆಗುವುದಿಲ್ಲ. ಮತ್ತೆ ಯಾವುದನ್ನು ನೋಡಬೇಕು? ನನಗೆ ಗೊತ್ತಾಗಿದ್ದು ಯೂನಿವರ್ಸಿಟಿ ಬಡಾವಣೆಯ ಬ್ಲೂ ಮೂನ್ ಎಂಬ ಹಳೆಯ ಟ್ಯಾವರ್ನಿನಲ್ಲಿ. ಪಾನನಿಷೇಧ ಮುಗಿದ ಮರುವರ್ಷ, 1934ರಲ್ಲಿ ಅದು ಶುರುವಾಯಿತು. ಯೂನಿವರ್ಸಿಟಿಯ ಒಂದು ಮೈಲಿ ಒಳಗೆ ಮದ್ಯ ಮಾರುವಂತಿಲ್ಲ ಎಂಬ ಕಾನೂನು ಇದ್ದುದರಿಂದ ಆ ಗಡಿಯಾಚೆ, ಸ್ವಲ್ಪವೇ ದೂರದಲ್ಲಿ ಬಾಗಿಲು ತೆರೆದರು! ಅಲ್ಲಿ ಕೂರುತ್ತಿದ್ದವರಲ್ಲಿ ಕವಿ ಥಿಯೋಡರ್ ರೆಟ್ಕಿ ಒಬ್ಬರು. ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದರು, 1954ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಪಬ್ಬಿನ ಪಕ್ಕದ ಓಣಿಗೆ ಅವರದೇ ಹೆಸರಿದೆ. ಆ ಕಟ್ಟಡ ಕೆಡವುವ ಮಾತು ಬಂದಾಗ ಗಿರಾಕಿಗಳೇ ಹೋರಾಡಿ ಉಳಿಸಿಕೊಂಡರು. ತೀರಾ ಈಚೆಗೆ ಬ್ಯಾಲರ್ಡಿನ ಕಾನರ್ ಬರ್ನ್ ಪಬ್ಬು ಮುಚ್ಚಿದಾಗಲೂ ಹೀಗೇ ಆಯಿತು. ಹಾಡುವವರು, ಕೆಲಸದವರು, ಗಿರಾಕಿಗಳು ಸೇರಿ ಸಹಕಾರಿ ಸಂಘ ಕಟ್ಟಿಕೊಂಡು 2024ರಲ್ಲಿ ಮತ್ತೆ ತೆರೆದರು. 1905ರಲ್ಲೇ ಗದಗದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನಾಡಿನವರು ನಾವು. ಇದರ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ಲೂ ಮೂನಿನಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಿದ್ದರು. ಎಲ್ಲರಿಗೂ ಎಲ್ಲರೂ ಗೊತ್ತು. ನಾನೊಬ್ಬ ಮೂಲೆಯಲ್ಲಿ ಶೀಟಿಗೆ ಅಂಕ ತುಂಬುತ್ತಾ ಕೂತಿದ್ದೆ. ಆವತ್ತು ಹೊಳೆಯಿತು, ಪಬ್ಬು ನಮ್ಮದಾಗುವುದು ಅಲ್ಲಿ ಏನು ಸಿಗುತ್ತೆ ಅನ್ನುವುದರಿಂದ ಅಲ್ಲ, ನಾವು ಅಲ್ಲಿ ಏನು ಮಾತಾಡುತ್ತೇವೆ, ಯಾರ ಜೊತೆ ಮಾತಾಡುತ್ತೇವೆ ಅನ್ನುವುದರಿಂದ. 23ನೆಯ ಪಬ್ಬು ಹುಡುಕಲಿಲ್ಲ. ಶೀಟು ಅಳಿಸಿ ಹಾಕಿದೆ.

2017ರಲ್ಲಿ ಮನೆ ಬದಲಿಸಿ ಬ್ಯಾಲರ್ಡಿಗೆ ಬಂದೆ. ಮನೆಯಿಂದ ನಡೆದರೆ ಏಳು ನಿಮಿಷಕ್ಕೆ ಒಂದು ಸಣ್ಣ ಪಬ್ಬು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಬಂದು ನನಗೆ ಜಾಗ ಸಿಗುವುದಿಲ್ಲ! ಪಕ್ಕದ ಬೀದಿಯಲ್ಲಿ ಶಿವಮೊಗ್ಗ ಕಡೆಯ ಹಿರಿಯ ಗೆಳೆಯರೊಬ್ಬರು ಇದ್ದಾರೆ, ನಾನು ಅಣ್ಣ ಅಂತೀನಿ. ಅವರು ಕುಡಿಯುವುದಿಲ್ಲ, ಶುಂಠಿ ಸೋಡಾ ಅವರಿಗೆ. ಪ್ರತಿ ಮಂಗಳವಾರ ಏಳು ಗಂಟೆಗೆ ಇಬ್ಬರೂ ಅಲ್ಲಿ. ಮೊದಮೊದಲು ನಾವು ಮೆಲ್ಲಗೆ ಮಾತಾಡುತ್ತಿದ್ದೆವು, ಕದ್ದು ಮಾತಾಡಿದ ಹಾಗೆ. ಯಾರಾದರೂ ಪಕ್ಕ ಬಂದು ಕೂತರೆ ಸಾಕು, ತಾನಾಗಿಯೇ ಇಂಗ್ಲಿಷಿಗೆ ಹೊರಳುತ್ತಿದ್ದೆವು. ಒಂದು ದಿನ ಅಣ್ಣನೇ ಅಂದರು, "ಅಲ್ಲ ಮಾರಾಯಾ, ಆ ಕಡೆ ಟೇಬಲಿನವರು ಸ್ಪ್ಯಾನಿಷ್‌ನಲ್ಲಿ ಮಾಡು ಹಾರೋ ಹಾಗೆ ನಗ್ತಿದಾರೆ. ನಾವ್ಯಾಕೆ ಪಿಸುಗುಡ್ತಾ ಇದೀವಿ?" ಅವತ್ತಿನಿಂದ ಗಟ್ಟಿಯಾಗಿ ಕನ್ನಡ.

ಕೆಲವು ವಾರಗಳಾದ ಮೇಲೆ ಬಾರಿನ ಹಿಂದೆ ನಿಲ್ಲುವ ಮನುಷ್ಯ ಬಂದು ಇದು ಯಾವ ನುಡಿ ಅಂತ ಕೇಳಿದ. ಕನ್ನಡ ಅಂದೆವು. ಕೆನಡಾ ಅಲ್ಲ, ಕನ್ನಡ! ಇಷ್ಟೊಂದು ಕೋಟಿ ಜನ ಆಡುವ ನುಡಿ, ಸಾವಿರದೈನೂರು ವರ್ಷ ಹಿಂದಿನ ಶಾಸನ ಇದೆ ಅಂತ ನಾನು ಎಂದಿನ ಭಾಷಣ ಶುರು ಮಾಡಿದೆ. ಅವನು ನಿಧಾನವಾಗಿ ಕೇಳಿಸಿಕೊಂಡು, ತನ್ನ ಅಜ್ಜಿಯೂ ಮನೆಯಲ್ಲಿ ಬರೀ ನಾರ್ವೇಜಿಯನ್ ಮಾತಾಡುತ್ತಿದ್ದಳು ಅಂದ. ನಿನಗೂ ಬರುತ್ತಾ, ಒಂದೆರಡು ಮಾತು ಹೇಳು ಅಂತ ಅಣ್ಣ ಕೇಳಿದರು. ಅವನು ಸ್ವಲ್ಪ ಯೋಚಿಸಿ, ಕೈಲಿದ್ದ ಖಾಲಿ ಲೋಟ ಮೇಲೆತ್ತಿ "ಸ್ಕೋಲ್" ಅಂದ. ನಾವು ಚಿಯರ್ಸ್ ಅನ್ನುತ್ತೇವಲ್ಲ, ಅದಕ್ಕೆ ಅವರ ಮಾತು. "ಅಷ್ಟೇ ನನಗೆ ಬರೋದು" ಅಂತ ನಕ್ಕ. ನಮಗೆ ನಗು ಬರಲಿಲ್ಲ.

ಗೆಳೆಯರೆ, ಬ್ಯಾಲರ್ಡಿನ ಕತೆ ನಾವು ತಿಳಿದಿರಬೇಕಾದ ಕತೆ. 1907ರವರೆಗೆ ಅದು ಬೇರೆಯೇ ಊರು, ಆಮೇಲೆ ಸಿಯಾಟಲ್‌ಗೆ ಸೇರಿತು. ನಾರ್ವೆ, ಸ್ವೀಡನ್ ಕಡೆಯಿಂದ ಬಂದವರು ಮೀನು ಹಿಡಿಯಲು, ಮರದ ಮಿಲ್ಲುಗಳಲ್ಲಿ ದುಡಿಯಲು ಅಲ್ಲಿ ನೆಲೆಸಿದರು. 1889ರ ಮೇ 17ರಂದು, ಅಂದರೆ ನಾರ್ವೆಯ ಸಂವಿಧಾನದ ದಿನದಂದೇ, ಸಿಯಾಟಲ್‌ನಲ್ಲಿ 'ವಾಷಿಂಗ್ಟನ್ ಪೋಸ್ಟನ್' ಎಂಬ ನಾರ್ವೇಜಿಯನ್ ನುಡಿಯ ಪತ್ರಿಕೆ ಶುರು ಮಾಡಿದರು. 1903ರಲ್ಲಿ ಸನ್ಸ್ ಆಫ್ ನಾರ್ವೆ ಸಂಘದ ಶಾಖೆ ಕಟ್ಟಿದರು. 1975ರಲ್ಲಿ ನಾರ್ವೆಯ ರಾಜ ಐದನೆಯ ಓಲಾವ್ ಬಂದು ಬ್ಯಾಲರ್ಡಿನ ಬರ್ಗನ್ ಪ್ಲೇಸ್ ಪಾರ್ಕನ್ನು ಉದ್ಘಾಟಿಸಿದರು. 2018ರಲ್ಲಿ ಅಲ್ಲಿ ನಾರ್ಡಿಕ್ ಮ್ಯೂಸಿಯಂಗೆ ದೊಡ್ಡ ಹೊಸ ಕಟ್ಟಡ ಎದ್ದಿತು. ಈಗಲೂ ಪ್ರತಿ ಮೇ 17ಕ್ಕೆ ಭಾರಿ ಮೆರವಣಿಗೆ. ಹಣ ಇತ್ತು, ಸಂಘ ಇತ್ತು, ಪತ್ರಿಕೆ ಇತ್ತು, ರಾಜನೇ ಬಂದಿದ್ದ. ಆದರೂ ಇವತ್ತು ಬ್ಯಾಲರ್ಡಿನ ಪಬ್ಬುಗಳಲ್ಲಿ ನಾರ್ವೇಜಿಯನ್ ಕೇಳಿಸುವುದಿಲ್ಲ. ಆ ಪತ್ರಿಕೆ ಹೆಸರು ಬದಲಿಸಿ, ಕೈ ಬದಲಿಸಿ, ಈಗ 'ದಿ ನಾರ್ವೇಜಿಯನ್ ಅಮೆರಿಕನ್' ಆಗಿ ಇಂಗ್ಲಿಷಿನಲ್ಲಿ ಬರುತ್ತಿದೆ.

ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವರ ನುಡಿಗೆ ನಾರ್ವೆ ಇದೆ. ಓಸ್ಲೋ, ಬರ್ಗನ್‌ನ ಪಬ್ಬುಗಳಲ್ಲಿ ಜನ ನಾರ್ವೇಜಿಯನ್‌ನಲ್ಲೇ ಬಿಯರು ಕೇಳುತ್ತಾರೆ, ನಾರ್ವೇಜಿಯನ್‌ನಲ್ಲೇ ಜಗಳ ಆಡುತ್ತಾರೆ. ಬ್ಯಾಲರ್ಡಿನಲ್ಲಿ ಹೋದರೂ ತವರಲ್ಲಿ ಗಟ್ಟಿಯಾಗಿದೆ. ನಮ್ಮ ತವರಲ್ಲಿ?

2023ರ ಡಿಸೆಂಬರಿನಲ್ಲಿ ರಜೆಗೆ ಹೋಗಿದ್ದೆ. ಇಂದಿರಾನಗರದ ಒಂದು ದೊಡ್ಡ ಪಬ್ಬಿನಲ್ಲಿ ಕಾಲೇಜಿನ ಹಳೆಯ ಗೆಳೆಯರು ಸೇರಿದ್ದೆವು. ಕುಳಿತ ತಕ್ಷಣ ನಾನೇ ಇಂಗ್ಲಿಷಿನಲ್ಲಿ ಆರ್ಡರ್ ಕೊಟ್ಟೆ. ಮಾಣಿಯೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಒಂದು ಗಂಟೆ ಹೀಗೇ ನಡೆಯಿತು. ಆಮೇಲೆ ಅವನ ಫೋನ್ ರಿಂಗ್ ಆಯಿತು. ಕಂಬದ ಮರೆಗೆ ಸರಿದು, "ಡ್ಯೂಟಿಲಿವ್ನಿ ಕಣಕ್ಕ, ಆಮೇಕ್ ಮಾಡ್ತೀನಿ" ಅಂದ. ಕರೆದು ಕೇಳಿದೆ, "ಯಾವೂರಪ್ಪಾ?"

"ಮದ್ದೂರು ಸಾರ್."

"ಮೊದ್ಲೇ ಕನ್ನಡದಲ್ಲಿ ಮಾತಾಡಬಹುದಿತ್ತಲ್ಲ?"

"ನೀವೇ ಇಂಗ್ಲಿಷಲ್ಲಿ ಶುರು ಮಾಡಿದ್ರಲ್ಲ ಸಾರ್. ನಾವಾಗೇ ಕನ್ನಡದಲ್ಲಿ ಮಾತಾಡ್ಸಿದ್ರೆ ಕೆಲವ್ರು ಬೇಜಾರ್ ಮಾಡ್ಕೋತಾರೆ."

ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಹತ್ತು ಸಾವಿರ ಕಿಲೋಮೀಟರಿಗಿಂತ ದೂರದ ಸಿಯಾಟಲ್‌ನ ಪಬ್ಬಿನಲ್ಲಿ ಎದೆಯುಬ್ಬಿಸಿ ಕನ್ನಡ ಮಾತಾಡುವವನು ನಾನು. ಮದ್ದೂರಿನ ಹುಡುಗನ ಜೊತೆ, ಬೆಂಗಳೂರಿನಲ್ಲಿ, ಒಂದು ಗಂಟೆ ಇಂಗ್ಲಿಷು! ಸರಿ, ಒಂದು ಕನ್ನಡ ಹಾಡಾದರೂ ಹಾಕಿಸಪ್ಪಾ ಅಂದೆ. "ಕೇಳಿದ್ರೆ ಹಾಕ್ತಾರೆ ಸಾರ್, ಯಾರೂ ಕೇಳಲ್ಲ" ಅಂದ. ಐದು ನಿಮಿಷದಲ್ಲಿ ಕನ್ನಡ ಹಾಡು ಬಂತು. ಆಶ್ಚರ್ಯ ಏನು ಗೊತ್ತಾ? ಸುತ್ತ ಐದಾರು ಟೇಬಲಿನವರು ಜೊತೆಗೆ ಹಾಡಿದರು. ಅವರೆಲ್ಲ ಅಲ್ಲಿಯವರೆಗೆ ಇಂಗ್ಲಿಷು, ಹಿಂದಿಯಲ್ಲಿ ಮಾತಾಡುತ್ತಿದ್ದರು. ನಮ್ಮ ಹಾಗೇ.

2024ರಲ್ಲಿ ಕರ್ನಾಟಕದಲ್ಲಿ ಅಂಗಡಿ ಬೋರ್ಡುಗಳ ಮೇಲೆ ಶೇಕಡ 60ರಷ್ಟು ಕನ್ನಡ ಇರಬೇಕೆಂದು ಕಾನೂನಿಗೆ ತಿದ್ದುಪಡಿ ಆಯಿತು. ಒಳ್ಳೆಯದೇ, ಅದಕ್ಕಾಗಿ ಹೋರಾಡಿದವರಿಗೆ ನಮಸ್ಕಾರ. ಆದರೆ ಕಾನೂನು ಬಾಗಿಲವರೆಗೆ ಬರುತ್ತದೆ. ಬಾಗಿಲ ಒಳಗೆ ಹೋಗುವವನು ಗಿರಾಕಿ. ಒಳಗಿನ ನುಡಿ ಯಾವುದು ಅಂತ ಅವನೇ ನಿರ್ಧರಿಸುವುದು. ಎಫ್‌ಎಂ ರೇಡಿಯೋ ನೆನಪಿದೆಯಲ್ಲ? 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಆಗ ಕೇಳುತ್ತಿದ್ದದ್ದು ಹೆಚ್ಚಾಗಿ ಹಿಂದಿ, ಇಂಗ್ಲಿಷ್ ಹಾಡು. ಕನ್ನಡ ಹಾಡು ಹಾಕಿದರೆ ಜಾಹೀರಾತು ಬರುವುದಿಲ್ಲ ಅನ್ನುತ್ತಿದ್ದರು. ಕೇಳುಗರು ಕನ್ನಡ ಬೇಕು ಅಂತ ಪಟ್ಟು ಹಿಡಿದು ಕೇಳಿದರು, ಪತ್ರ ಬರೆದರು, ಫೋನ್ ಮಾಡಿದರು. ಕೆಲವು ವರ್ಷಗಳಲ್ಲಿ ಸ್ಟೇಷನ್‌ಗಳೇ ಕನ್ನಡದ ಕಡೆ ತಿರುಗಿದವು. ಪಬ್ಬಿನಲ್ಲಿ ಯಾಕೆ ಆಗುವುದಿಲ್ಲ?

ಇಲ್ಲಿ ಕೆಲವರು ಹೇಳುತ್ತಾರೆ, ಪಬ್ಬು ನಮ್ಮ ಸಂಸ್ಕೃತಿ ಅಲ್ಲ, ಅಲ್ಲಿ ಕನ್ನಡ ಯಾಕೆ ಬೇಕು ಅಂತ. ಇದೇ ಸಂಸ್ಕೃತಿಯ ಹೆಸರಿನಲ್ಲಿ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದರು. ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ನಮ್ಮ ಸಂಸ್ಕೃತಿಯನ್ನೇ ಕೇಳೋಣ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಇದ್ದರು. ಹೆಂಡ ಮಾರುವ ಕಾಯಕ, ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ. ಕಲ್ಯಾಣದ ಶರಣರು ಅವರನ್ನು ಹೊರಗಿಡಲಿಲ್ಲ. ಇನ್ನು 1930ರ ದಶಕದಲ್ಲಿ ಜಿ.ಪಿ. ರಾಜರತ್ನಂ 'ರತ್ನನ ಪದಗಳು' ಬರೆದರು. ಕನ್ನಡದ ಮೇಷ್ಟ್ರು, ಸ್ವತಃ ಹೆಂಡ ಮುಟ್ಟಿದವರಲ್ಲ. ಆದರೂ ಕನ್ನಡದ ಮೇಲಿನ ಪ್ರೀತಿಯನ್ನು ಹೇಳಲು ಅವರು ಆರಿಸಿಕೊಂಡದ್ದು ಪಂಡಿತನನ್ನಲ್ಲ, ರಾಜನನ್ನಲ್ಲ. ಹೆಂಡದಂಗಡಿಯ ಖಾಯಂ ಗಿರಾಕಿ ರತ್ನನನ್ನು, ಅವನ ಆಡುನುಡಿಯನ್ನು! ಮೈಸೂರು ಅನಂತಸ್ವಾಮಿ ಅದಕ್ಕೆ ರಾಗ ಹಾಕಿ ಮನೆಮನೆಗೆ ಮುಟ್ಟಿಸಿದರು. ನಾವು ಪ್ರತಿ ರಾಜ್ಯೋತ್ಸವದಲ್ಲಿ ಆ ಪದ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಪಬ್ಬಿಗೆ ಹೋಗಿ ಇಂಗ್ಲಿಷಿನಲ್ಲಿ ಬಿಯರು ಕೇಳುತ್ತೇವೆ. ರತ್ನ ನೋಡಿದ್ದರೆ ಏನಂದಾನು?

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕುಡಿಯಿರಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಕುಡಿತದಿಂದ ಮನೆಗಳು ಹಾಳಾಗಿರುವುದು ನಮ್ಮೂರಿನಲ್ಲೂ ನೋಡಿದ್ದೇನೆ. 2007ರ ಜುಲೈನಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯ ಮುಂದೆ ಕೂತು ಹೋರಾಡಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಕೇಳುತ್ತಿರುವುದು ಕುಡಿತಕ್ಕೆ ಜಾಗವಲ್ಲ, ಮಾತಿಗೆ ಜಾಗ. ನಮ್ಮ ಅಣ್ಣ ಇಷ್ಟು ವರ್ಷದಲ್ಲಿ ಒಂದು ತೊಟ್ಟು ಮುಟ್ಟಿಲ್ಲ, ಆದರೆ ಆ ಪಬ್ಬಿನಲ್ಲಿ ನನಗಿಂತ ಹೆಚ್ಚು ಮರ್ಯಾದೆ ಅವರಿಗೇ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿಮ್ಮದೇ ಪಬ್ಬು ಹುಡುಕಿಕೊಳ್ಳುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಮೊದಲನೆಯದು, ನಡೆದು ಹೋಗುವಷ್ಟು ಹತ್ತಿರ ಇರಲಿ, ಇಲ್ಲವೇ ಬಸ್ಸು ಇರಲಿ. ಇದರಲ್ಲಿ ಹುಡುಗಾಟ ಬೇಡ. ಇಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.08. ವೀಸಾ ಮೇಲಿರುವವರು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ, ಕೋರ್ಟು ತೀರ್ಪು ಕೊಡುವ ಮುಂಚೆಯೇ ವೀಸಾ ರದ್ದಾಗಬಹುದು. ಜೀವದ ಮಾತು ಅಂತೂ ಹೇಳುವುದೇ ಬೇಡ.

ಎರಡನೆಯದು, ಒಂದೇ ಜಾಗ, ಒಂದೇ ವಾರ, ಒಂದೇ ಹೊತ್ತು. ಹತ್ತು ಪಬ್ಬಿಗೆ ಒಂದೊಂದು ಸಲ ಹೋದರೆ ನೀವು ಪ್ರವಾಸಿ. ಒಂದೇ ಪಬ್ಬಿಗೆ ಹತ್ತು ಸಲ ಹೋದರೆ ಊರಿನವರು. ಮಂಗಳವಾರದಂಥ ಸಪ್ಪೆ ದಿನವನ್ನೇ ಹಿಡಿಯಿರಿ, ಜಾಗ ಸಿಗುತ್ತದೆ, ಮಾತೂ ಕೇಳಿಸುತ್ತದೆ.

ಮೂರನೆಯದು, ನಿಮ್ಮ ನಿಮ್ಮಲ್ಲಿ ಕನ್ನಡ, ಗಟ್ಟಿಯಾಗಿ ಕನ್ನಡ. ಕನ್ನಡ ಬಾರದವರು ಜೊತೆಗೆ ಕೂತಾಗ ಇಂಗ್ಲಿಷ್ ಮಾತಾಡುವುದು ಮರ್ಯಾದೆ. ಆದರೆ ಪಕ್ಕದ ಟೇಬಲಿನವರಿಗೆ ಹೆದರಿ ನುಡಿ ಬದಲಿಸುವುದು ಮರ್ಯಾದೆ ಅಲ್ಲ, ಅಳುಕು. ಹೆಂಡತಿ, ಅಕ್ಕತಂಗಿಯರು, ಗೆಳತಿಯರನ್ನೂ ಕರೆಯಿರಿ. ಗಂಡಸರೇ ಕೂತರೆ ಮಾತು ಬೇಗ ಕ್ರಿಕೆಟ್ಟು, ವೀಸಾ, ಮನೆ ಬೆಲೆಗೆ ಬಂದು ನಿಲ್ಲುತ್ತದೆ!

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿಗೆ ಹೋದಾಗ ಮೊದಲ ಮಾತು ಕನ್ನಡದಲ್ಲೇ ಇರಲಿ. ಎದುರಿಗಿರುವ ಹುಡುಗನಿಗೆ ಕನ್ನಡ ಬಾರದಿದ್ದರೆ ಬೈಯಬೇಡಿ, ಅವನೂ ನಮ್ಮ ಹಾಗೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನು. ಎರಡು ಮಾತು ಕಲಿಸಿ. ಮ್ಯಾನೇಜರನ್ನು ಕರೆದು, ಮೆನುವಿನಲ್ಲಿ ಕನ್ನಡ ಯಾಕಿಲ್ಲ, ಕನ್ನಡ ಹಾಡು ಯಾಕಿಲ್ಲ ಅಂತ ನಗುನಗುತ್ತಾ ಕೇಳಿ. ಬಿಲ್ಲು ಕೊಡುವವರು ನೀವು. ಕೇಳಿದ್ದಕ್ಕೆ ಹಾಕಿದರೆ ಧನ್ಯವಾದ ಹೇಳಿ, ಟಿಪ್ಸ್ ಒಂದಿಷ್ಟು ಜಾಸ್ತಿ ಇಡಿ. ಮುಂದಿನ ಸಲ ಕೇಳದೆಯೇ ಹಾಕುತ್ತಾರೆ.

ನಮ್ಮ ಮಂಗಳವಾರದ ಟೇಬಲಿಗೆ ಈಗ ಆರೇಳು ಜನ ಬರುತ್ತಾರೆ. ಹುಬ್ಬಳ್ಳಿಯವರು, ಪುತ್ತೂರಿನವರು, ಕಾಸರಗೋಡಿನವರು ಒಬ್ಬರು. ಹುಬ್ಬಳ್ಳಿಯ ಕನ್ನಡ, ಕರಾವಳಿಯ ಕನ್ನಡ ನಾನು ಸರಿಯಾಗಿ ಕೇಳಿದ್ದು ಬೆಂಗಳೂರಿನಲ್ಲಿ ಅಲ್ಲ, ಬ್ಯಾಲರ್ಡಿನಲ್ಲಿ. ಬಾರಿನ ಹಿಂದಿನ ಆ ಮನುಷ್ಯ ಎರಡು ಪದ ಕಲಿತಿದ್ದಾನೆ, 'ಇನ್ನೊಂದು?' ಮತ್ತು 'ಸಾಕು'. ನಾನು ಎರಡನೆಯ ಲೋಟ ಮುಗಿಸಿದರೆ ಎರಡನೆಯ ಪದವನ್ನೇ ಹೇಳುತ್ತಾನೆ! ಅಮ್ಮನಿಗೆ ಈಗ ಮಂಗಳವಾರ ರಾತ್ರಿ ಮನೆಗೆ ನಡೆದು ಹೋಗುತ್ತಾ ಫೋನ್ ಮಾಡುತ್ತೇನೆ, ಅಲ್ಲಿ ಬುಧವಾರ ಬೆಳಗಾಗಿರುತ್ತದೆ. ತಡವರಿಸ್ತೀಯಾ ಅಂತ ಈಚೆಗೆ ಕೇಳಿಲ್ಲ. ಬಾಯಿ ಮುಚ್ಚೋ, ಕಾಫಿಗಿಟ್ಟ ಹಾಲು ಉಕ್ತು ಅಂತಾಳೆ.

ಇನ್ನು ನೂರು ವರ್ಷಕ್ಕೆ ಇಲ್ಲಿನ ನಮ್ಮ ಮೊಮ್ಮಕ್ಕಳಿಗೆ ಕನ್ನಡ ಎಷ್ಟು ಉಳಿದಿರುತ್ತದೋ, ಅದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆದರೆ ಬೆಂಗಳೂರಿನಲ್ಲಿ ಮದ್ದೂರಿನ ಹುಡುಗ ಗಿರಾಕಿಯನ್ನು ಕನ್ನಡದಲ್ಲಿ ಮಾತಾಡಿಸಲು ಅಳುಕಬಾರದು. ಅದು ಖಂಡಿತ ನಮ್ಮ ಕೈಯಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಕುಳಿತ ಕೂಡಲೇ ಮೊದಲ ಮಾತು ನೀವು ಆಡಿ, ಕನ್ನಡದಲ್ಲಿ ಆಡಿ. ಅಲ್ಲಿಯವರೆಗೆ ಮಂಗಳವಾರ ಏಳು ಗಂಟೆಗೆ ಬ್ಯಾಲರ್ಡಿಗೆ ಬನ್ನಿ. ಪಬ್ಬಿನ ಹೆಸರು ಕೊನೆಗೂ ಹೇಳುತ್ತೇನೆ, ಆದರೆ ಮೀಟಿಂಗ್ ಮುಗಿದ ಮೇಲೆ, ಕಿವಿಯಲ್ಲಿ.